ಮುಖದ ಹಿಂದೆ ಇರುವುದನ್ನು ನೋಡಿ

ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿ ಜೋಪಾನವಾಗಿಟ್ಟ ಒಂದು ಕಪ್ಪುಬಿಳುಪು ಫೋಟೋ ಇರಬಹುದು. ಬಿಳಿಯ ಉಡುಪು ತೊಟ್ಟು, ಕೈಯಲ್ಲಿ ಮೇಣದ ಬತ್ತಿ ಹಿಡಿದು ನಿಂತ ಮಗು. ಪ್ರಥಮ ಪರಮಪ್ರಸಾದದ ದಿನ ತೆಗೆಸಿದ್ದು. ಮಗು ಯಾರೆಂದು ಅಜ್ಜಿಗೆ ಗೊತ್ತಿತ್ತು. ಆದರೆ ಯಾವ ಊರು, ಯಾವ ದೇವಾಲಯ ಎಂದು ಹಿಂಬದಿಯಲ್ಲಿ ಬರೆದಿಲ್ಲ. ಅಜ್ಜಿಯೂ ಈಗಿಲ್ಲ. ಇನ್ನು ತಿಳಿಯುವ ದಾರಿಯಿಲ್ಲವೆಂದು ನೀವು ಅದನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿರುತ್ತೀರಿ.

ಸ್ವಲ್ಪ ತಡೆಯಿರಿ. ಮಗುವಿನ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ, ಫೋಟೋವನ್ನು ಮತ್ತೊಮ್ಮೆ ನೋಡಿ. ಮುಖ ಕಾಣುತ್ತಿರುವ ತನಕ ನಮ್ಮ ಕಣ್ಣು ಬೇರೆಲ್ಲಿಗೂ ಹೋಗುವುದಿಲ್ಲ. ಅದನ್ನು ಮುಚ್ಚಿದ ಕೂಡಲೇ ಮೂಲೆಯಲ್ಲಿರುವ ಅಂಗಡಿಯ ಬೋರ್ಡು, ಗೋಡೆಯ ಕಲ್ಲು, ಮಾಡಿನ ಹೆಂಚು, ನೆಲದ ಮೇಲಿನ ನೆರಳು ಒಂದೊಂದಾಗಿ ಎದ್ದು ಬರುತ್ತವೆ.

ಬೋರ್ಡಿನ ಮಾತು ಓದಲು ಆಗದಿದ್ದರೂ ಅದು ಕನ್ನಡವೋ, ಮಲಯಾಳವೋ, ದೇವನಾಗರಿಯೋ ಎಂದು ಅಕ್ಷರದ ಆಕಾರದಿಂದ ತಿಳಿಯುತ್ತದೆ. ಇತ್ತೀಚಿನ ಫೋಟೋ ಆದರೆ ವಾಹನದ ನಂಬರ್ ಪ್ಲೇಟು ಇನ್ನೂ ಸುಲಭ. ಕೆಎ 19 ಎಂದಿದ್ದರೆ ಮಂಗಳೂರಿನ ನೋಂದಣಿ, ಕೆಎ 20 ಎಂದಿದ್ದರೆ ಉಡುಪಿಯದು. ಆದರೆ ಎಚ್ಚರಿಕೆ ಬೇಕು, ಉಡುಪಿಯ ಕಾರು ಮುಂಬಯಿಗೂ ಹೋಗುತ್ತದೆ. ಹೆಂಚಿನ ವಿಷಯದಲ್ಲಿ ನಾನೇ ಒಮ್ಮೆ ಮೋಸಹೋಗಿದ್ದೇನೆ. ಮಂಗಳೂರು ಹೆಂಚು ಕಂಡೊಡನೆ "ಇದು ನಮ್ಮ ಕರಾವಳಿಯೇ" ಎಂದು ಹೇಳಿಬಿಟ್ಟೆ. ಬಾಸೆಲ್ ಮಿಶನ್ನಿನವರು 1860ರ ದಶಕದಲ್ಲಿ ಆರಂಭಿಸಿದ ಆ ಉದ್ಯಮದ ಹೆಂಚುಗಳು ಹಡಗು ಹತ್ತಿ ಪೂರ್ವ ಆಫ್ರಿಕಾದ ತನಕ ಹೋಗಿವೆ ಎಂಬುದು ಆಗ ನೆನಪಿಗೆ ಬರಲಿಲ್ಲ.

ದೇವಾಲಯದ ಒಳಗಿನ ಫೋಟೋ ಆದರೆ ಬಲಿಪೀಠವನ್ನು ಗಮನಿಸಿ. ಬಲಿಪೂಜೆ ಅರ್ಪಿಸುತ್ತಿರುವ ಗುರುಗಳು ಜನರಿಗೆ ಬೆನ್ನು ಹಾಕಿ ನಿಂತಿದ್ದರೆ, 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ಬದಲಾವಣೆಗಳು ಆ ಧರ್ಮಕೇಂದ್ರಕ್ಕೆ ಬರುವ ಮೊದಲಿನ ಫೋಟೋ ಇರುವ ಸಂಭವವೇ ಹೆಚ್ಚು. ಇದು ಊರನ್ನು ಹೇಳುವುದಿಲ್ಲ. ಆದರೆ ಆ ಕಾಲದಲ್ಲಿ ನಿಮ್ಮ ಕುಟುಂಬ ಎಲ್ಲಿತ್ತು ಎಂದು ಹಿರಿಯರನ್ನು ಕೇಳಲು ಒಂದು ದಾರಿಯಾಗುತ್ತದೆ.

ಇನ್ನು ನೆರಳು. ಮಧ್ಯಾಹ್ನ ನೆರಳು ಉತ್ತರಕ್ಕೆ ಬೀಳುತ್ತದೆಂದು ಶಾಲೆಯಲ್ಲಿ ಕಲಿತಿರುತ್ತೇವೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಅದು ದಕ್ಷಿಣಕ್ಕೆ ಬೀಳುತ್ತದೆ, ಏಕೆಂದರೆ ಆಗ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ನಂಬಿಕೆಯಾಗದಿದ್ದರೆ ಮೇ ತಿಂಗಳಲ್ಲಿ ಅಂಗಳದಲ್ಲಿ ಒಂದು ಕೋಲು ನೆಟ್ಟು ನೋಡಿ.

ಇದೆಲ್ಲ ಬಿಡುವಿನ ವೇಳೆಯ ಆಟವೆಂದು ನಿಮಗೆ ತೋರಬಹುದು. ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ನಡೆದದ್ದನ್ನು ಕೇಳಿ.

2018ರ ಜುಲೈಯಲ್ಲಿ ಒಂದು ವಿಡಿಯೋ ಜನರ ಫೋನುಗಳಲ್ಲಿ ಹರಿದಾಡಿತು. ಸೈನಿಕರು ಇಬ್ಬರು ಹೆಂಗಸರನ್ನು ಒಂದು ಕಾಲುದಾರಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಒಬ್ಬಾಕೆಯ ಬೆನ್ನಿನ ಮೇಲೆ ಹಸುಗೂಸು, ಇನ್ನೊಬ್ಬಾಕೆಯ ಕೈಹಿಡಿದು ಒಬ್ಬ ಪುಟ್ಟ ಹುಡುಗಿ. ಕೊನೆಗೆ ನಾಲ್ವರನ್ನೂ ಗುಂಡಿಕ್ಕಿ ಕೊಲ್ಲುತ್ತಾರೆ. ಎಲ್ಲಿ, ಯಾವಾಗ, ಯಾರು ಎಂಬುದಕ್ಕೆ ಒಂದು ಅಕ್ಷರದ ಆಧಾರವೂ ಇರಲಿಲ್ಲ. ಇದು ಸುಳ್ಳು ಸುದ್ದಿ, ನಮ್ಮ ಸೈನಿಕರಲ್ಲ ಎಂದು ಅಲ್ಲಿನ ಸರ್ಕಾರ ತಳ್ಳಿಹಾಕಿತು.

ಬಿಬಿಸಿಯ ಆಫ್ರಿಕಾ ತನಿಖಾ ತಂಡದವರು ಆ ಭೀಕರ ದೃಶ್ಯದ ಹಿಂದೆ ಏನಿದೆ ಎಂದು ನೋಡಿದರು. ವಿಡಿಯೋದ ಮೊದಲ ಕೆಲವು ಕ್ಷಣಗಳಲ್ಲಿ ದೂರದಲ್ಲಿ ಒಂದು ಬೆಟ್ಟಸಾಲು ಕಾಣುತ್ತದೆ. ಬೆಟ್ಟಗಳ ಅಂಚು ಮನುಷ್ಯನ ಬೆರಳಚ್ಚಿನ ಹಾಗೆ. ಒಂದು ಶಿಖರ ಇನ್ನೊಂದನ್ನು ಎಷ್ಟು ಮರೆಮಾಡುತ್ತದೆ, ತಗ್ಗು ಎಲ್ಲಿ ಬರುತ್ತದೆ ಎಂಬುದು ನಾವು ನಿಂತ ಜಾಗದಿಂದ ನಿರ್ಧಾರವಾಗುತ್ತದೆ. ಸ್ವಲ್ಪ ದೂರ ನಡೆದರೆ ಸಾಲಿನ ರೂಪವೇ ಬದಲಾಗುತ್ತದೆ. ಗಂಟೆಗಟ್ಟಲೆ ಉಪಗ್ರಹ ನಕ್ಷೆಗಳನ್ನು ಹುಡುಕಿದರೂ ಅದು ಸಿಗಲಿಲ್ಲ. ಕೊನೆಗೆ ಕ್ಯಾಮರೂನಿನವರೇ ಒಬ್ಬರು ಜೆಲೆವೆಟ್ ಎಂಬ ಊರಿನ ಸುತ್ತ ನೋಡಿರೆಂದು ಸೂಚಿಸಿದರು. ನೈಜೀರಿಯಾದ ಗಡಿಗೆ ಹತ್ತಿರದ ಆ ಊರಿನ ಬಳಿ ಬೆಟ್ಟದ ಅಂಚು ಸರಿಯಾಗಿ ಹೊಂದಿಕೊಂಡಿತು. ಮರಗಳು, ಮನೆಗಳು, ಕಾಲುದಾರಿ ಕೂಡ ಹೊಂದಿಕೊಂಡವು.

ಯಂತ್ರ ಎಷ್ಟೇ ಒಳ್ಳೆಯದಾಗಿರಲಿ, ಊರನ್ನು ಬಲ್ಲವರ ಒಂದು ಮಾತು ಬೇಕಾಯಿತು ನೋಡಿ.

ಅನಂತರ ಕಾಲದ ಪ್ರಶ್ನೆ. ವಿಡಿಯೋದಲ್ಲಿರುವ ಒಂದು ಕಟ್ಟಡ 2016ರ ಫೆಬ್ರವರಿಯ ಹೊತ್ತಿಗೆ ಉಪಗ್ರಹ ಚಿತ್ರಗಳಿಂದ ಮಾಯವಾಗಿತ್ತು. ಹಾಗಾದರೆ ಕೊಲೆ ನಡೆದದ್ದು ಅದಕ್ಕಿಂತ ಮೊದಲು. ಇನ್ನೊಂದು ಗೋಡೆ 2014ರ ನವೆಂಬರಿನ ಚಿತ್ರದಲ್ಲಿ ಇರಲೇ ಇಲ್ಲ. ಹಾಗಾದರೆ ಅದರ ನಂತರ. ಆ ಕಾಲುದಾರಿ ಜನವರಿಯಿಂದ ಏಪ್ರಿಲ್ ವರೆಗಿನ ಒಣ ತಿಂಗಳುಗಳಲ್ಲಿ ಮಾತ್ರ ಕಾಣುತ್ತದೆ. ಉಳಿದದ್ದನ್ನು ನೆರಳು ಹೇಳಿತು. ನಡೆಯುವ ಸೈನಿಕರ ನೆರಳಿನ ದಿಕ್ಕು ಮತ್ತು ಉದ್ದದಿಂದ ಸೂರ್ಯ ಆಕಾಶದಲ್ಲಿ ಎಲ್ಲಿದ್ದನೆಂದು ಲೆಕ್ಕ ಹಾಕಿ, 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವೆ ಎಂದು ತಂಡ ತೀರ್ಮಾನಿಸಿತು. ಹೀಗೆ ಮೂರು ವರ್ಷ ಹಿಂದಿನ ಘಟನೆಗೆ ಹದಿನೇಳು ದಿನಗಳ ಚೌಕಟ್ಟು ದೊರೆಯಿತು. 2020ರ ಸೆಪ್ಟೆಂಬರಿನಲ್ಲಿ ಕ್ಯಾಮರೂನಿನ ಸೈನಿಕ ನ್ಯಾಯಾಲಯವು ನಾಲ್ವರು ಸೈನಿಕರಿಗೆ 10 ವರ್ಷ, ಇನ್ನೊಬ್ಬನಿಗೆ 2 ವರ್ಷ ಸೆರೆವಾಸ ವಿಧಿಸಿತು. ನಾಲ್ಕು ಜೀವಗಳಿಗೆ ಇದು ಸಾಕೇ ಎಂದು ನೀವು ಕೇಳಬಹುದು. ನನಗೂ ಸಾಕೆನಿಸುವುದಿಲ್ಲ. ಆದರೆ ನಡೆದೇ ಇಲ್ಲವೆಂದು ಹೇಳಲು ಆಮೇಲೆ ಯಾರಿಗೂ ಸಾಧ್ಯವಾಗಲಿಲ್ಲ.

ಈ ವಿಧಾನದಲ್ಲಿ ಒಂದು ಶಿಸ್ತಿದೆ. ಒಂದು ಗುರುತು ಹೊಂದಿದರೆ ಅದು ಊಹೆ ಮಾತ್ರ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಗುರುತುಗಳು ಒಂದೇ ಜಾಗವನ್ನು ತೋರಿಸಿದರೆ ನಂಬಬಹುದು. ಹೊಂದದ ಗುರುತು ಒಂದೇ ಒಂದಿದ್ದರೂ ಅದನ್ನು ಬಚ್ಚಿಡಬಾರದು. "ನಮ್ಮ ಊರಿನಲ್ಲಿ ನಿನ್ನೆ ನಡೆದದ್ದು" ಎಂದು ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ ಗಲಭೆಯ ಚಿತ್ರವನ್ನು ಮುಂದಕ್ಕೆ ಕಳುಹಿಸುವ ಮೊದಲು ಅದರಲ್ಲಿರುವ ಬೋರ್ಡಿನ ಲಿಪಿ ಯಾವುದೆಂದು ನೋಡಿ. ರಸ್ತೆಯಲ್ಲಿ ವಾಹನಗಳು ಎಡಕ್ಕೆ ಹೋಗುತ್ತಿವೆಯೋ ಬಲಕ್ಕೋ ಎಂದೂ ನೋಡಿ. ಅರ್ಧ ನಿಮಿಷದ ಕೆಲಸ.

ತಂದೆತಾಯಿಯರಿಗೆ ಇನ್ನೊಂದು ಮಾತಿದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಿಂದ, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳಿಂದ ಮಗುವನ್ನು ಪೂರ್ತಿ ತೆಗೆದುಹಾಕಿ, ಹಿಂದಿರುವ ಚೀಲ, ಬಾಟಲಿ, ಪರದೆಯ ಬಟ್ಟೆಯನ್ನು ಮಾತ್ರ ಸಾರ್ವಜನಿಕರಿಗೆ ತೋರಿಸಿ, ಇದು ಯಾವ ದೇಶದ್ದೆಂದು ಕೇಳುತ್ತಿದೆ. ಜನರು ಕೊಟ್ಟ ಉತ್ತರಗಳಿಂದ ಮಕ್ಕಳು ಪತ್ತೆಯಾಗಿದ್ದಾರೆ. ಆದರೆ ಒಂದು ಪರದೆಯಿಂದ ಮನೆಯನ್ನು ಹುಡುಕುವ ವಿದ್ಯೆ ಒಳ್ಳೆಯವರಿಗೆ ಮಾತ್ರ ಮೀಸಲಲ್ಲ. ನಿಮ್ಮ ಮಗಳ ಹುಟ್ಟುಹಬ್ಬದ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಾಕುವ ಮೊದಲು, ಈ ಬಾರಿ ಅವಳ ಮುಖವನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಸಮವಸ್ತ್ರದ ಮೇಲೆ ಶಾಲೆಯ ಹೆಸರಿದೆಯೇ? ಗೇಟಿನ ಮೇಲೆ ಮನೆಯ ನಂಬರ್ ಇದೆಯೇ? ಕಿಟಕಿಯಾಚೆ ದೇವಾಲಯದ ಗಂಟೆಗೋಪುರ ಕಾಣುತ್ತಿದೆಯೇ?

ಪೆಟ್ಟಿಗೆಯಲ್ಲಿರುವ ಹಳೆಯ ಫೋಟೋವನ್ನು ಮಾತ್ರ ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಧರ್ಮಕೇಂದ್ರದ ಹಿರಿಯರ ಕೈಗೆ ಕೊಡಿ. ಅವರು ಹೇಳಿದ್ದನ್ನು ಹಿಂಬದಿಯಲ್ಲಿ ಮೆತ್ತಗೆ, ಪೆನ್ಸಿಲ್ಲಿನಿಂದ ಬರೆದಿಡಿ. ಶಾಯಿ ಮುಂಬದಿಗೆ ಇಳಿಯುತ್ತದೆ.