ನೀರಿನ ವಿಷಯವನ್ನೇ ಬರೆ

ಪುಟ್ಟೀ,

ಅಮೆರಿಕದ ಕಾಲೇಜುಗಳಿಗೆಂದು ನೀನು ಬರೆದ ಪ್ರಬಂಧ ಓದಿದೆ. ವ್ಯಾಕರಣದ ತಪ್ಪು ಹುಡುಕಿದೆ, ಸಿಗಲಿಲ್ಲ. ನಿನ್ನನ್ನು ಹುಡುಕಿದೆ, ನೀನೂ ಸಿಗಲಿಲ್ಲ. ಮೊದಲಿಗೆ ಕಲಾಂ ಅವರ ಮಾತು, ಆಮೇಲೆ ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ, ಕೊನೆಗೆ ದೇಶಸೇವೆ. ಮೇಲೆ ನಿಮ್ಮ ಕ್ಲಾಸಿನ ಯಾರ ಹೆಸರು ಬರೆದರೂ ನಡೆಯುತ್ತದೆ.

ನಿನ್ನನ್ನು ಬೈಯುತ್ತಿಲ್ಲ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಹೈಸ್ಕೂಲಿನಿಂದ ಬರೆದು ಬಂದ ಕೈ ಅದು. ನಮ್ಮ ಪರೀಕ್ಷೆಯಲ್ಲಿ ಗೈಡಿನ ವಾಕ್ಯಕ್ಕೆ ಅಂಕ ಸಿಗುತ್ತದೆ. 'ನಾನು' ಅಂದರೆ ಮೌಲ್ಯಮಾಪಕರು ಹುಬ್ಬೇರಿಸುತ್ತಾರೆ. ಅಲ್ಲಿ ಅವರು ಕೇಳುತ್ತಿರುವುದೇ ಆ 'ನಾನು'.

ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಪ್ರಬಂಧ 650 ಪದ ಮೀರುವ ಹಾಗಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಯೇ ಬೇರೆ: 8 ಪ್ರಶ್ನೆಗಳಲ್ಲಿ 4 ಆರಿಸಿಕೊಂಡು ತಲಾ 350 ಪದದೊಳಗೆ ಉತ್ತರಿಸಬೇಕು. ನಿನ್ನ ಅಂಕಪಟ್ಟಿ ಅವರ ಮುಂದೆ ಇದ್ದೇ ಇರುತ್ತದೆ. ಕ್ವಿಜ್, ಭರತನಾಟ್ಯ, ಎನ್‌ಎಸ್‌ಎಸ್ ಎಲ್ಲಕ್ಕೂ ಕಾಮನ್ ಆ್ಯಪ್‌ನಲ್ಲೇ 10 ಚಟುವಟಿಕೆಗಳ ಪಟ್ಟಿಯಿದೆ. ಅದನ್ನೇ ಪ್ರಬಂಧದಲ್ಲಿ ಮತ್ತೆ ಒಪ್ಪಿಸುವುದು ದಂಡ.

ಅಂದಹಾಗೆ, 'ನಾನು' ಕೇಳುವ ಈ ಪದ್ಧತಿಯನ್ನು ಕಣ್ಣಿಗೊತ್ತಿಕೊಳ್ಳುವುದೂ ಬೇಡ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಅಂಕದ ಜೊತೆಗೆ 'ವ್ಯಕ್ತಿತ್ವ'ವನ್ನೂ ತೂಗತೊಡಗಿದ್ದರ ಹಿಂದೆ, ಚೆನ್ನಾಗಿ ಓದಿ ಬರುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ತಗ್ಗಿಸುವ ಉದ್ದೇಶವೂ ಇತ್ತು. ಕಾಲ ಬದಲಾಗಿದೆ ಅನ್ನು. ಆದರೂ ಅವರಿಗೆ ಎಂಥವರು ಬೇಕೋ ಎಂದು ಊಹಿಸಿ ವೇಷ ಕಟ್ಟಲು ಹೋಗಬೇಡ.

ಬೇಸಿಗೆಯಲ್ಲಿ ಬಂದಾಗ ನಿಮ್ಮ ಅಡುಗೆಮನೆಯ ಕ್ಯಾಲೆಂಡರ್ ನೋಡಿದ್ದೆ. ಹಾಲಿನ ಲೆಕ್ಕದ ಪಕ್ಕದಲ್ಲಿ, ನಿನ್ನ ಸಣ್ಣ ಅಕ್ಷರದಲ್ಲಿ, ನಲ್ಲಿಯಲ್ಲಿ ನೀರು ಬಂದ ಹೊತ್ತು, ನಿಂತ ಹೊತ್ತು. ನೀರುಗಂಟಿ ಮೇಲಿನ ಬೀದಿಗೇ ಹೆಚ್ಚು ಬಿಡುತ್ತಾನೆ ಅಂತ ನಿನಗೆ ಗುಮಾನಿ. ಅವನನ್ನು ಸಾಕ್ಷಿಸಮೇತ ಹಿಡಿಯಬೇಕೆಂದೇ ಬರೆಯತೊಡಗಿದ್ದು. ತಿಂಗಳುಗಟ್ಟಲೆ ಬರೆದ ಮೇಲೆ ಕಂಡದ್ದೇ ಬೇರೆ: ಕರೆಂಟು ಹೋದ ಮರುದಿನವೇ ನಿಮಗೆ ನೀರು ಕಮ್ಮಿ. ಟ್ಯಾಂಕು ಪೂರ್ತಿ ತುಂಬದಿದ್ದರೆ ಪೈಪಿನ ಕೊನೆಯಲ್ಲಿರುವ ನಿಮ್ಮ ಬೀದಿಯವರೆಗೆ ಒತ್ತಡ ಸಾಲುತ್ತಿರಲಿಲ್ಲ. ಅಷ್ಟು ದಿನ ಮುಖ ಸಿಂಡರಿಸುತ್ತಿದ್ದವಳು ಅವತ್ತು 'ಕಾಫಿ ಕುಡೀತೀರಾ ಅಣ್ಣಾ?' ಅಂದೆಯಂತೆ. ಆ ಉಪಚಾರ ಯಾಕೆಂದು ಪಾಪ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಬರೆಯೇ ಅಂದರೆ 'ನೀರಿನ ವಿಷಯಾನಾ ಮಾವ?' ಅಂತ ನಕ್ಕುಬಿಟ್ಟೆ. ನಿನ್ನ ವಿಜ್ಞಾನವೂ ಸಿಟ್ಟೂ ಒಟ್ಟಿಗೆ ಕಾಣುವುದು ಅಲ್ಲೇ. 'ಆಸಕ್ತಿ' ಎಂಬ ಪದವನ್ನೇ ಬಳಸಬೇಕಾಗಿಲ್ಲ. ಅನುಮಾನ ಸುಳ್ಳಾದಾಗ ಆದ ಇರಿಸುಮುರಿಸು ಇದೆಯಲ್ಲ, ಅಲ್ಲಿ ಅವಸರ ಮಾಡದೆ ಬರೆ. ಕೊನೆಗೆ 'ಇದರಿಂದ ನಾಯಕತ್ವ ಕಲಿತೆ' ಅಂತ ಬಾಲಂಗೋಚಿ ಮಾತ್ರ ಕಟ್ಟಬೇಡ.

ಬರೆಯಲು ಕೂರುವ ಮೊದಲು, ಫೋನಿನಲ್ಲಿ ರೆಕಾರ್ಡ್ ಹಾಕಿಕೊಂಡು ಚಿಕ್ಕಮ್ಮನ ಮಗಳಿಗೆ ಹೇಳುವ ಹಾಗೆ ಕನ್ನಡದಲ್ಲೇ ಹೇಳು. ಆಮೇಲೆ ಕೇಳಿಸಿಕೋ. ಯಾವುದನ್ನು ಮೊದಲು ಹೇಳಿದೆ, ಎಲ್ಲಿ ನಕ್ಕೆ, ಎಲ್ಲಿ ಮಾತು ತಡವರಿಸಿತು ಅನ್ನುವುದನ್ನು ಗಮನಿಸಿ, ಇಂಗ್ಲಿಷಿನಲ್ಲೂ ಆ ಜಾಡನ್ನು ಬಿಡಬೇಡ.

ತಾತ ತೀರಿಕೊಂಡದ್ದನ್ನು ಬರೆದರೆ ಸೀಟು ಗ್ಯಾರಂಟಿ ಅಂತ ಯಾರೋ ಹೇಳಿದರಂತೆ. ಬರೆಯದೆ ಇರಲಾರೆ ಅನ್ನಿಸಿದರೆ ಬರೆ, ಸೀಟಿಗಾಗಿ ಬೇಡ. ಅನಾಥಾಶ್ರಮಕ್ಕೆ ಒಂದು ಮಧ್ಯಾಹ್ನ ಹೋಗಿ ಹಣ್ಣು ಹಂಚಿ ಬಂದದ್ದನ್ನಂತೂ ಬಿಟ್ಟೇಬಿಡು. ಆ ಮಕ್ಕಳ ಹೆಸರೂ ನಿನಗೆ ನೆನಪಿಲ್ಲ.

ದುಡ್ಡು ತೆಗೆದುಕೊಂಡು ಪ್ರಬಂಧ ತಿದ್ದಿಕೊಡುವವರ ಬಳಿ ಹೋದರೆ ಮೊದಲು ಮಾಯವಾಗುವುದೇ ಆ ಕಾಫಿ. ಚಾಟ್‌ಜಿಪಿಟಿಯ ಕೈಯಲ್ಲಿ ಬರೆಸಿ ನಿನ್ನದೆಂದು ಕಳಿಸಿದರೆ ಕಾಮನ್ ಆ್ಯಪ್‌ನ ನಿಯಮದಲ್ಲಿ ಅದು ವಂಚನೆ. ಕಾಗುಣಿತ ನೋಡಲು ನಾನಿದ್ದೇನೆ.

ಕಳಿಸುವ ಮುಂಚೆ ಅಮ್ಮನಿಗೆ ಅರ್ಥ ಹೇಳುತ್ತಾ ಓದು. 'ಇದು ನೀನು ಆಡೋ ಮಾತಲ್ಲ ಬಿಡೇ' ಅಂದ ಸಾಲನ್ನು ಹೊಡೆದು ಹಾಕು. 'ಅಯ್ಯೋ, ಇದನ್ನೆಲ್ಲಾ ಯಾಕೆ ಬರೆದೆ?' ಅಂತ ಮುನಿಸಿಕೊಂಡರೆ ಆ ಸಾಲನ್ನು ಮುಟ್ಟಬೇಡ, ಅವಳನ್ನು ಸಮಾಧಾನ ಮಾಡುವುದು ನನಗಿರಲಿ.

ನಿನ್ನ
ಮಾವ