ನೆದರ್ಲೆಂಡ್ಸ್‌ಗೆ ಹೊಸಬರೇ? ಹಬ್ಬ, ಊಟದ ಒಳಗುಟ್ಟು

ಕೆಲಸಕ್ಕೆಂದು ಐಂಡ್‌ಹೋವನ್‌ಗೋ ಆಮ್‌ಸ್ಟೆಲ್‌ವೇನ್‌ಗೋ ಹೊರಟ ಕನ್ನಡಿಗರು ವೀಸಾ, ಬಾಡಿಗೆ ಮನೆ, ಸೈಕಲ್ ಎಲ್ಲವನ್ನೂ ವಿಚಾರಿಸಿಕೊಂಡಿರುತ್ತಾರೆ. ಸಹೋದ್ಯೋಗಿ ಹುಟ್ಟುಹಬ್ಬಕ್ಕೆ ಕರೆದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿರುವುದಿಲ್ಲ. ಅಲ್ಲಿಂದಲೇ ಶುರು ಮಾಡೋಣ.

ಮೊದಲಿಗೆ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಕುರ್ಚಿಗಳನ್ನು ಸುತ್ತಲೂ ಹಾಕಿರುತ್ತಾರೆ. ಒಬ್ಬೊಬ್ಬರ ಕೈಕುಲುಕಿ 'ಖೆಫೆಲಿಸಿಟೇರ್ಡ್' ಎನ್ನಿ. ಹುಟ್ಟುಹಬ್ಬದವರ ಅಮ್ಮ, ಅಣ್ಣ, ಹೆಂಡತಿಗೂ ಅಭಿನಂದನೆ ಸಲ್ಲುವುದು ಅಲ್ಲಿಯ ರೂಢಿ. ಆಮೇಲೆ ಕಾಫಿ, ಒಂದು ತುಂಡು ಕೇಕ್. ಕರೆಯುವಾಗ ಊಟದ ಮಾತು ಬಂದಿಲ್ಲವೆಂದರೆ ಊಟ ಇಲ್ಲ. ಮನೆಯಲ್ಲೇ ಒಂದಿಷ್ಟು ಮೊಸರನ್ನ ತಿಂದು ಹೊರಡಿ. ಸಂಜೆ ಆರು ಅವರ ಊಟದ ಹೊತ್ತು, ಆಗ ಹೇಳದೆ ಕೇಳದೆ ಬಾಗಿಲು ತಟ್ಟಬೇಡಿ. ನಿಮ್ಮ ಹುಟ್ಟುಹಬ್ಬದ ದಿನ ಆಫೀಸಿಗೆ ಕೇಕ್ ಒಯ್ಯಬೇಕಾದವರು ನೀವೇ. ಮಗು ಹುಟ್ಟಿದ ಮನೆಯಲ್ಲಾದರೆ ಗರಿಗರಿ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಲೇಪಿಸಿದ ಸೋಂಪಿನ ಕಾಳು ಉದುರಿಸಿ ಕೊಡುತ್ತಾರೆ. ಗಂಡುಮಗುವಿಗೆ ನೀಲಿ, ಹೆಣ್ಣುಮಗುವಿಗೆ ಗುಲಾಬಿ.

ಇನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಕೆಲಸ. ಏಪ್ರಿಲ್ 27 ದೊರೆ ವಿಲ್ಲೆಮ್-ಅಲೆಕ್ಸಾಂಡರ್ ಹುಟ್ಟಿದ ದಿನ. ಅದು ಭಾನುವಾರ ಬಿದ್ದರೆ ಆಚರಣೆ ಹಿಂದಿನ ದಿನವೇ. ಕಿತ್ತಳೆ ಬಣ್ಣದ ಅಂಗಿ ತೊಡಿ, ಚಿಲ್ಲರೆ ಇಟ್ಟುಕೊಳ್ಳಿ. ಅಂದು ಮಕ್ಕಳೆಲ್ಲ ಬೀದಿಯಲ್ಲಿ ಕಂಬಳಿ ಹಾಸಿ ಹಳೆಯ ಆಟಿಕೆ, ಪುಸ್ತಕ ಮಾರುತ್ತಾರೆ. ಹೊಸ ಸಂಸಾರಕ್ಕೆ ಬೇಕಾದ ಪಾತ್ರೆ ಪಗಡ ಅಗ್ಗಕ್ಕೆ ಸಿಗುವುದೂ ಆ ಬೀದಿಗಳಲ್ಲೇ. ಮೇ 4ರ ರಾತ್ರಿ ಎಂಟಕ್ಕೆ ಯುದ್ಧದಲ್ಲಿ ಮಡಿದವರಿಗಾಗಿ ಎರಡು ನಿಮಿಷ ಇಡೀ ದೇಶ ಮೌನವಾಗುತ್ತದೆ. ಫೋನ್ ಬಂದ್ ಮಾಡಿ ನಿಂತುಬಿಡಿ. ಮರುದಿನ ವಿಮೋಚನಾ ದಿನ, ಆದರೆ ಎಲ್ಲರಿಗೂ ಪ್ರತಿವರ್ಷ ರಜೆ ಸಿಗುವುದಿಲ್ಲ. ಕಂಪನಿಯಲ್ಲಿ ಕೇಳಿಕೊಳ್ಳಿ.

ಮಕ್ಕಳಿದ್ದರೆ ನವೆಂಬರ್ ಮಧ್ಯದಿಂದ ಡಿಸೆಂಬರ್ 5ರವರೆಗೆ ಸಿಂಟರ್‌ಕ್ಲಾಸ್ ಗಲಾಟೆ. ಸ್ಪೇನಿನಿಂದ ಹಡಗಿನಲ್ಲಿ ಬರುವ ಈ ಅಜ್ಜನ ಕುದುರೆಗೆಂದು ಮಕ್ಕಳು ಶೂ ಒಳಗೆ ಕ್ಯಾರೆಟ್ ಇಟ್ಟು ಮಲಗುತ್ತಾರೆ. ಬೆಳಗ್ಗೆ ಅದರಲ್ಲಿ ಮಿಠಾಯಿ ಇರಬೇಕು, ಆ ಜವಾಬ್ದಾರಿ ನಿಮ್ಮದು. ಅವನ ಸಹಾಯಕರು ಮುಖಕ್ಕೆ ಕಪ್ಪು ಬಳಿದುಕೊಳ್ಳುತ್ತಿದ್ದುದು ದೊಡ್ಡ ವಿವಾದವಾಗಿ, ಈಗ ಹೆಚ್ಚಿನ ಕಡೆ ಬರೀ ಮಸಿ ಗೀರುಗಳಿವೆ. ನನ್ನನ್ನು ಕೇಳಿದರೆ ಬಹಳ ಮೊದಲೇ ಆಗಬೇಕಿದ್ದ ಬದಲಾವಣೆ. ಆಫೀಸಿನಲ್ಲಿ ಚೀಟಿ ಎತ್ತಿ ಉಡುಗೊರೆ ಕೊಡುವುದಾದರೆ ಜತೆಗೆ ಕಾಲೆಳೆಯುವ ಪ್ರಾಸದ ಪದ್ಯವೂ ಬೇಕು. ಇಂಗ್ಲಿಷಿನಲ್ಲಾದರೂ ನಾಲ್ಕು ಸಾಲು ಬರೆಯಿರಿ.

ಕ್ರಿಸ್‌ಮಸ್‌ಗೆ 25, 26 ಎರಡೂ ದಿನ ರಜೆ. ಮೇಜಿನ ಮೇಲೇ ಪುಟ್ಟ ಪುಟ್ಟ ಬಾಣಲೆಗಳಲ್ಲಿ ಅವರವರೇ ಹುರಿದುಕೊಳ್ಳುವ 'ಖೂರ್‌ಮೆಟ್ಟೆನ್' ಊಟ ಆಗ ಜನಪ್ರಿಯ. ಪನೀರ್, ಅಣಬೆ ಒಯ್ದರೆ ಸಸ್ಯಾಹಾರಿಗಳೂ ಆರಾಮವಾಗಿ ಕೂರಬಹುದು. ಡಿಸೆಂಬರ್ 31ಕ್ಕೆ ಸಕ್ಕರೆ ಪುಡಿ ಉದುರಿಸಿದ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ ಒಲಿಬೊಲ್ಲೆನ್ ಬಿಸಿಯಿದ್ದಾಗಲೇ ತಿನ್ನಿ; ಹಿಟ್ಟಿಗೆ ಮೊಟ್ಟೆ ಹಾಕಿರುವುದುಂಟು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ದಪ್ಪನೆಯ ಬಟಾಣಿ ಸಾರಿನಲ್ಲಿ ಹಂದಿಮಾಂಸವಿರುತ್ತದೆ, ಬಿಟ್ಟರ್‌ಬಾಲೆನ್ ಎಂಬ ಕರಿದ ಉಂಡೆಗಳ ಒಳಗೆ ದನದ ಮಾಂಸ. ಸಾಂಪ್ರದಾಯಿಕ ಗೌಡಾ ಚೀಸ್‌ಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಪ್ಯಾಕೆಟ್ ಮೇಲೆ 'ವೇಖೆಟಾರಿಸ್' ಎಂದಿದೆಯೇ ನೋಡಿ. ಆಲೂಗಡ್ಡೆ, ಸೊಪ್ಪು ಕಲಸಿದ ಸ್ಟಾಂಪೊಟ್ ಅನ್ನು ಸಾಸೇಜ್ ಬೇಡವೆಂದು ಹೇಳಿ ಕೇಳಬಹುದು, ಉಪ್ಪಿನಕಾಯಿ ಜತೆಗಿದ್ದರೆ ರುಚಿ. ಸ್ಟ್ರೋಪ್‌ವಾಫೆಲ್ ಬಿಸ್ಕತ್ತನ್ನು ಬಿಸಿ ಕಾಫಿ ಲೋಟದ ಮೇಲೆ ಒಂದು ನಿಮಿಷ ಇಟ್ಟರೆ ಒಳಗಿನ ಪಾಕ ಮೆತ್ತಗಾಗುತ್ತದೆ.

ನಾಲಿಗೆ ಖಾರ ಬೇಡಿದಾಗ ಸುರಿನಾಮಿ ರೋಟಿ ಅಂಗಡಿ ಹುಡುಕಿ. ಹೇಗ್ ನಗರದಲ್ಲಿ ಬೇಕಾದಷ್ಟಿವೆ. 1873ರಿಂದ ಡಚ್ ವಸಾಹತು ಸುರಿನಾಮಿಗೆ ಕೂಲಿಗಳಾಗಿ ಹೋದ ಭಾರತೀಯರ ಸಂತತಿ, 1975ರ ಸ್ವಾತಂತ್ರ್ಯದ ಆಸುಪಾಸಿನಲ್ಲಿ ನೆದರ್ಲೆಂಡ್ಸ್‌ಗೆ ತಂದ ಅಡುಗೆ ಇದು. ಮಾಂಸ ಬೇಡವೆಂದರೆ ಆಲೂಗಡ್ಡೆ ಪಲ್ಯ, ಅಲಸಂದೆ ಕಾಯಿ ಕೊಡುತ್ತಾರೆ. ಮೆಣಸಿನ ಸಾಸ್ ಹಾಕಲೇ ಎಂದು ಕೇಳಿದರೆ ಮೊದಲ ಸಲ ಬದಿಯಲ್ಲಿ ಒಂದು ಚೂರೇ ಹಾಕಿಸಿಕೊಳ್ಳಿ. ಅದಕ್ಕೆ ಹಾಕುವ ಮದಾಮ್ ಜನೆಟ್ ಮೆಣಸಿನಕಾಯಿ ನಮ್ಮ ಬ್ಯಾಡಗಿಯಷ್ಟು ಸೌಮ್ಯವಲ್ಲ.