ಹಾಥರಸದಿಂದ ಹುಲೇಕಲ್‌ಗೆ ಸ್ವರಲಿಪಿ

ಹುಲೇಕಲ್ ಸುತ್ತಿನಲ್ಲಿ ಹಿಂದೂಸ್ತಾನಿ ಕಲಿಯುವ ಮಕ್ಕಳಿಗೇನೂ ಕಡಿಮೆಯಿಲ್ಲ. ತೊಡಕು ಪುಸ್ತಕಗಳದ್ದು. ವಿಷ್ಣು ನಾರಾಯಣ ಭಾತಖಂಡೆಯವರು ಉಸ್ತಾದರ ಮನೆಮನೆಗೆ ಹೋಗಿ ಕೂಡಿಹಾಕಿದ ಬಂದಿಶ್‌ಗಳು ಮರಾಠಿಯ ‘ಕ್ರಮಿಕ ಪುಸ್ತಕ ಮಾಲಿಕೆ’ಯ ಆರು ಭಾಗಗಳಲ್ಲಿವೆ. ಅದರ ಹಿಂದಿ ರೂಪವನ್ನು ಹೊರತಂದದ್ದು ಉತ್ತರ ಪ್ರದೇಶದ ಹಾಥರಸದ ಸಂಗೀತ ಕಾರ್ಯಾಲಯ. ಅಷ್ಟು ದೂರದಿಂದ ಹೇಳಿ ತರಿಸಬೇಕು.

ತರಿಸುವಾಗ ಪುಸ್ತಕದ ಹೆಸರು ಹೇಳಿದರೆ ಸಾಲದು, ಯಾವ ಭಾಗ ಎಂಬುದು ಗೊತ್ತಿರಬೇಕು. ಯಮನ್, ಭೈರವ, ತೋಡಿ ಮೊದಲಾದ ಹತ್ತು ಥಾಟ್‌ಗಳ ರಾಗಗಳು ಎರಡನೆಯದರಲ್ಲಿವೆ. ಬಾಗೇಶ್ರೀ, ಭೀಮಪಲಾಸ, ಮಾಲಕಂಸ ಬೇಕಿದ್ದರೆ ಮೂರನೆಯದು. ದರ್ಬಾರಿ, ಲಲಿತ, ಮುಲ್ತಾನಿಗೆ ನಾಲ್ಕನೆಯದು. ಐದು ಮತ್ತು ಆರು ಅಪರೂಪದ ರಾಗಗಳವು. ಹಳೆ ಪುಸ್ತಕದ ವ್ಯಾಪಾರಿಯೊಬ್ಬರು ಮೂರನೆಯದರ ಬದಲು ಐದನೆಯದನ್ನು ಕಳಿಸಿದಂದಿನಿಂದ, ಹಣ ಹಾಕುವ ಮೊದಲು ಪರಿವಿಡಿಯ ಫೋಟೊ ಕೇಳಿ ತರಿಸಿಕೊಳ್ಳುತ್ತೇನೆ.

ಜೆರಾಕ್ಸ್ ಸಾಕಲ್ಲ ಎನ್ನುವವರಿದ್ದಾರೆ. ಸಾಲದು. ಭಾತಖಂಡೆ ಲಿಪಿಯ ಜೀವವೆಲ್ಲ ಚಿಕ್ಕ ಗುರುತುಗಳಲ್ಲಿದೆ. ಸ್ವರದ ಕೆಳಗೆ ಚುಕ್ಕೆಯಿದ್ದರೆ ಮಂದ್ರ, ಮೇಲಿದ್ದರೆ ತಾರ. ಕೆಳಗೆ ಅಡ್ಡಗೆರೆ ಬಂದರೆ ಕೋಮಲ, ಮಧ್ಯಮದ ನೆತ್ತಿಯ ಮೇಲೆ ನೆಟ್ಟಗೆರೆ ಬಂದರೆ ತೀವ್ರ. ಒಂದೇ ಮಾತ್ರೆಯಲ್ಲಿ ಬರುವ ಸ್ವರಗಳನ್ನು ಕೆಳಗಿನ ಬಾಗುಗೆರೆ ಕೂಡಿಸುತ್ತದೆ. ಜೆರಾಕ್ಸಿನ ಜೆರಾಕ್ಸಿನಲ್ಲಿ ನಿಜವಾದ ಚುಕ್ಕೆ ಅಳಿದಿರುತ್ತದೆ, ಗಾಜಿನ ಮೇಲಿದ್ದ ಧೂಳು ಚುಕ್ಕೆಯಾಗಿ ಕೂತಿರುತ್ತದೆ. “ಅಕ್ಕಾ, ಈ ನಿ ಮಂದ್ರದ್ದಾ?” ಎಂದು ಹುಡುಗಿ ಕೇಳಿದಾಗ ಅಚ್ಚಾದ ಪುಸ್ತಕ ತೆಗೆದೇ ಹೇಳಬೇಕು. ಮೊಬೈಲಿನಿಂದ ಮೊಬೈಲಿಗೆ ಹೋಗುವ ಸ್ಕ್ಯಾನ್ ಪ್ರತಿಗಳಲ್ಲಿ ಇನ್ನೊಂದು ಕಷ್ಟ: ಪುಟದ ಅಂಚು ಕತ್ತರಿಸಿಹೋಗಿ ಕೊನೆಯ ಸಾಲಿನಡಿಯ ತಾಳದ ಗುರುತುಗಳೇ ಇರುವುದಿಲ್ಲ. ಸಮ್ ಎಲ್ಲಿ ಬೀಳುತ್ತದೆಂದು ತಿಳಿಯದೆ ಬಂದಿಶ್ ಕಲಿಸುವುದು ಹೇಗೆ? ಮಕ್ಕಳಿಗೆ ನಾನೇ ಕನ್ನಡ ಲಿಪಿಯಲ್ಲಿ ಬರೆದುಕೊಡುತ್ತೇನೆ. ಚುಕ್ಕೆ, ಗೆರೆಗಳನ್ನು ಕೊನೆಗೆ, ಕೆಂಪು ಪೆನ್ನಿನಲ್ಲಿ, ಮೂಲದ ಜೊತೆ ಇಟ್ಟುಕೊಂಡು ಹಾಕುತ್ತೇನೆ.

ಪುಸ್ತಕ ಕೈಗೆ ಬಂದ ಮೇಲೂ ಹಾಡಿದವರನ್ನು ಕೇಳಲೇಬೇಕು. ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೆ.ಜಿ. ಗಿಂಡೆಯವರು ಭಾತಖಂಡೆಯವರ ಶಿಷ್ಯ ಎಸ್.ಎನ್. ರಾತಂಜನಕರರ ಬಳಿ ಲಖನೌದಲ್ಲಿ ಕಲಿತವರು. ಅವರ ಧ್ವನಿಮುದ್ರಣ ಕೇಳುತ್ತ ಪುಟದ ಮೇಲೆ ಬೆರಳಿಟ್ಟರೆ ಕಣಸ್ವರ ಎಷ್ಟು ಹಗುರ, ಮೀಂಡ್ ಎಷ್ಟು ಉದ್ದ ಎಂಬುದು ಕಿವಿಗೆ ತಿಳಿಯುತ್ತದೆ. ಜಾಝ್ ಪಿಯಾನೊದಲ್ಲೂ ಹೀಗೇ. ಕೀತ್ ಜ್ಯಾರೆಟ್ 1975ರ ಜನವರಿ 24ರಂದು ಜರ್ಮನಿಯ ಕೊಲೋನ್‌ನಲ್ಲಿ ಆಗಿಂದಾಗ ಹೊಳೆದಂತೆ ನುಡಿಸಿದ ಕಛೇರಿಯನ್ನು ಯುಕಿಕೊ ಕಿಶಿನಾಮಿ ಮತ್ತು ಕುನಿಹಿಕೊ ಯಮಾಶಿತಾ ಎಂಬ ಇಬ್ಬರು ಜಪಾನೀಯರು ಕೇಳಿ ಕೇಳಿ ಬರೆದಿಟ್ಟರು. ಬಹುಕಾಲ ಒಪ್ಪದಿದ್ದ ಜ್ಯಾರೆಟ್ ಅದರ ಅಚ್ಚಿಗೆ ಒಪ್ಪಿದಾಗಲೂ, ನುಡಿಸುವವರಿಗೆ ಧ್ವನಿಮುದ್ರಣವೇ ಕೊನೆಯ ಪ್ರಮಾಣವಾಗಿರಲಿ ಎಂದರು. ಅಷ್ಟು ಶ್ರದ್ಧೆಯಿಂದ ಬರೆದ ಕೈಗಳ ಮೇಲೆ ನನಗೆ ದೊಡ್ಡ ಗೌರವ.

ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ತರಿಸುವುದು ಒಳ್ಳೆಯದು. ಆಷಾಢದಲ್ಲಿ ಬಂದ ಕಟ್ಟು ಒಳಗೇ ಬೂಸಲು ಹಿಡಿದಿರುತ್ತದೆ. ಈಗ ರಾಮಾಶ್ರೇಯ ಝಾ ‘ರಾಮರಂಗ್’ ಅವರ ‘ಅಭಿನವ ಗೀತಾಂಜಲಿ’ಯ ಐದು ಭಾಗಗಳನ್ನು ಹುಡುಕುತ್ತಿದ್ದೇನೆ. ಯಾರದಾದರೂ ಕಪಾಟಿನಲ್ಲಿದ್ದರೆ, ಕೊಡದಿದ್ದರೂ ಅಡ್ಡಿಯಿಲ್ಲ, ಅಲ್ಲೇ ಕೂತು ಬರೆದುಕೊಳ್ಳಲು ಬರುತ್ತೇನೆ.